ಹರ್ಸಿಯ ಹಿರೋಷಿಮಾ ಮತ್ತು ದೈವಪಾಲನೆಯ ಪ್ರಶ್ನೆ

1946ರ ಮೊದಲ ತಿಂಗಳುಗಳಲ್ಲಿ ಅಮೆರಿಕದ ಪತ್ರಕರ್ತ ಜಾನ್ ಹರ್ಸಿ ಉತ್ತರ ಚೀನಾದಿಂದ ಶಾಂಘೈಗೆ ನೌಕಾಪಡೆಯ ಹಡಗೊಂದರಲ್ಲಿ ಪ್ರಯಾಣಿಸುತ್ತಿದ್ದಾಗ ಶೀತಜ್ವರ ಬಂದು ಹಾಸಿಗೆ ಹಿಡಿದರು. ಓದಲೆಂದು ನಾವಿಕರು ಹಡಗಿನ ಗ್ರಂಥಾಲಯದಿಂದ ಕೆಲವು ಪುಸ್ತಕಗಳನ್ನು ತಂದುಕೊಟ್ಟರು. ಅವುಗಳಲ್ಲಿ ಒಂದು ಥಾರ್ನ್‌ಟನ್ ವೈಲ್ಡರ್ ಬರೆದು 1927ರಲ್ಲಿ ಪ್ರಕಟವಾದ ‘ದಿ ಬ್ರಿಡ್ಜ್ ಆಫ್ ಸ್ಯಾನ್ ಲೂಯಿಸ್ ರೇ’ ಎಂಬ ಕಾದಂಬರಿ. 1714ರ ಜುಲೈ ತಿಂಗಳಲ್ಲಿ ಪೆರು ದೇಶದ ಹಗ್ಗದ ಸೇತುವೆಯೊಂದು ಹರಿದು ಐವರು ಕಂದರಕ್ಕೆ ಬಿದ್ದು ಸಾಯುತ್ತಾರೆ. ಆ ದೃಶ್ಯವನ್ನು ಕಣ್ಣಾರೆ ಕಂಡ ಜುನಿಪರ್ ಎಂಬ ಫ್ರಾನ್ಸಿಸ್ಕನ್ ಸಹೋದರನು, ಆ ಐವರೇ ಏಕೆ ಸತ್ತರು ಎಂದು ಕೇಳಿಕೊಂಡು ಅವರ ಬದುಕನ್ನು ಮನೆಮನೆ ತಿರುಗಿ ಶೋಧಿಸುತ್ತಾನೆ. ದೇವರ ಸಂಕಲ್ಪವನ್ನು ಲೆಕ್ಕಾಚಾರದಂತೆ ಸಿದ್ಧಪಡಿಸಿ ತೋರಿಸುವುದು ಅವನ ಹಂಬಲ. ಕೊನೆಗೆ ಅವನ ಗ್ರಂಥವನ್ನೂ ಅವನನ್ನೂ ಧರ್ಮವಿಚಾರಣೆಯ ನ್ಯಾಯಾಲಯ ಸುಟ್ಟುಹಾಕುತ್ತದೆ.

ಹರ್ಸಿ ಆಗ ಹಿರೋಷಿಮಾ ನಗರದ ವರದಿಗಾಗಿ ಜಪಾನಿಗೆ ಹೋಗುವವರಿದ್ದರು. ಬರೆಯಬೇಕಾದ ವಿಷಯ ತಿಳಿದಿತ್ತು. ಬರೆಯುವ ಬಗೆ ತಿಳಿದಿರಲಿಲ್ಲ. ಆ ಕಾದಂಬರಿಯಲ್ಲಿ ಅವರಿಗೆ ಆ ಬಗೆ ದೊರೆಯಿತು: ಕೆಲವೇ ಮಂದಿಯನ್ನು ಆರಿಸಿಕೊಂಡು, ಅವರೆಲ್ಲರ ಹಾದಿಗಳೂ ಒಂದೇ ಕ್ಷಣದ ವಿಪತ್ತಿಗೆ ಬಂದು ಕೂಡುವಂತೆ ಹೇಳುವುದು. ವೈಲ್ಡರ್ ಸತ್ತವರನ್ನು ಆರಿಸಿಕೊಂಡಿದ್ದರೆ ಹರ್ಸಿ ಉಳಿದವರನ್ನು ಆರಿಸಿಕೊಂಡರು. ಕಾದಂಬರಿಯ ಆಕೃತಿಯನ್ನು ಹೀಗೆ ಎರವಲು ಪಡೆದ ಅವರು ಜುನಿಪರನ ಪ್ರಶ್ನೆಯನ್ನು ಏನು ಮಾಡಿದರು? ದೇವಶಾಸ್ತ್ರದ ವಿದ್ಯಾರ್ಥಿಗಳು ಈ ಕೃತಿಯನ್ನು ಓದಬೇಕಾದುದು ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು. ಪತ್ರಿಕೋದ್ಯಮದ ಪಠ್ಯಗಳಲ್ಲಿ ಇದು ಸಿಗುವುದಿಲ್ಲ.

ಹರ್ಸಿ 1914ರಲ್ಲಿ ಹುಟ್ಟಿದ್ದು ಚೀನಾದ ಟಿಯಾಂಜಿನ್ ನಗರದಲ್ಲಿ, ತಂದೆತಾಯಿಗಳು ವೈ.ಎಂ.ಸಿ.ಎ. ಸಂಸ್ಥೆಯ ಪ್ರೊಟೆಸ್ಟೆಂಟ್ ಮಿಷನರಿಗಳು. ಯುದ್ಧಕಾಲದಲ್ಲಿ ‘ಟೈಮ್’ ಪತ್ರಿಕೆಯ ವರದಿಗಾರರಾಗಿದ್ದ ಅವರು, ‘ಎ ಬೆಲ್ ಫಾರ್ ಅಡಾನೊ’ ಕಾದಂಬರಿಗಾಗಿ 1945ರಲ್ಲಿ ಪುಲಿಟ್ಜರ್ ಬಹುಮಾನ ಪಡೆದರು. ವರದಿಗಾರ ಮತ್ತು ಕಾದಂಬರಿಕಾರ, ಈ ಎರಡೂ ಕಸುಬು ಅವರ ಒಂದೇ ಕೈಯಲ್ಲಿದ್ದವು. ಅದರ ಅಪಾಯವೂ ಇತ್ತು: 1944ರಲ್ಲಿ ‘ಲೈಫ್’ ಪತ್ರಿಕೆಗೆ ಬರೆದ ಲೇಖನವೊಂದರಲ್ಲಿ, ಯುದ್ಧದಿಂದ ಮರಳಿದ ಹಲವು ಸೈನಿಕರ ಅನುಭವಗಳನ್ನು ಕಲಸಿ ಜೋ ಎಂಬ ಒಬ್ಬ ಸೈನಿಕನನ್ನು ಕಟ್ಟಿದ್ದರು. ಹಿರೋಷಿಮಾದಲ್ಲಿ ಅವರು ಹಾಗೆ ಮಾಡಲಿಲ್ಲ. ಅಲ್ಲಿಯ ಆರು ಮಂದಿಯೂ ಹೆಸರು, ವಿಳಾಸ, ಉದ್ಯೋಗಗಳಿದ್ದ ನಿಜವಾದ ಮನುಷ್ಯರು.

ಬಾಂಬು ಬಿದ್ದು ಹತ್ತು ತಿಂಗಳು ಕಳೆದಿದ್ದರೂ ಅಮೆರಿಕದ ಓದುಗರು ಬಲ್ಲದ್ದು ಅಣಬೆಯಾಕಾರದ ಮೋಡದ ಚಿತ್ರ, ನೆಲಸಮವಾದ ನಗರದ ಚಿತ್ರ, ಕೆಲವು ಅಂಕಿಗಳು. ಜಪಾನಿನಲ್ಲಿ ಅಮೆರಿಕದ ಆಡಳಿತವು 1945ರ ಸೆಪ್ಟೆಂಬರಿನಿಂದಲೇ ಪತ್ರಿಕೆಗಳ ಮೇಲೆ ನಿರ್ಬಂಧ ಹೇರಿತ್ತು. ಬಾಂಬು ತಯಾರಿಕೆಯ ಮುಖ್ಯಸ್ಥರಾಗಿದ್ದ ಜನರಲ್ ಲೆಸ್ಲಿ ಗ್ರೋವ್ಸ್ ಅದೇ ವರ್ಷ ನವೆಂಬರಿನಲ್ಲಿ ಸೆನೆಟ್ ಸಮಿತಿಯ ಮುಂದೆ, ವಿಕಿರಣದಿಂದ ಬರುವ ಸಾವು ವೈದ್ಯರ ಅಭಿಪ್ರಾಯದಲ್ಲಿ ಬಹಳ ಹಿತವಾದ ಸಾವು ಎಂಬರ್ಥದ ಮಾತಾಡಿದ್ದರು. ಇಂಥ ವಾತಾವರಣದಲ್ಲಿ ಇನ್ನಷ್ಟು ಅಂಕಿಗಳನ್ನು ಕೊಡುವುದರಿಂದ ಪ್ರಯೋಜನವಿರಲಿಲ್ಲ. ಒಂದು ಲಕ್ಷ ಸಾವನ್ನು ಯಾರೂ ಊಹಿಸಿಕೊಳ್ಳಲಾರರು. ಪಕ್ಕದ ಮೇಜಿನ ಗೆಳತಿಯ ಕಡೆಗೆ ಮುಖ ತಿರುಗಿಸುತ್ತಿರುವ ಒಬ್ಬ ಗುಮಾಸ್ತೆಯನ್ನು ಎಲ್ಲರೂ ಊಹಿಸಿಕೊಳ್ಳಬಲ್ಲರು.

ಹರ್ಸಿಗೆ ಹಿರೋಷಿಮಾದ ಬಾಗಿಲು ತೆರೆದವರು ಯೇಸುಸಭೆಯ ಗುರುಗಳು ಎಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಜರ್ಮನ್ ಗುರು ಯೋಹಾನ್ನೆಸ್ ಜೀಮೆಸ್ ಬರೆದಿದ್ದ ಪ್ರತ್ಯಕ್ಷದರ್ಶಿ ವರದಿಯನ್ನು ಹರ್ಸಿ ಓದಿದ್ದರು. ಆ ಎಳೆ ಹಿಡಿದು ಹೋಗಿ ಫಾದರ್ ವಿಲ್ಹೆಲ್ಮ್ ಕ್ಲೈನ್‌ಜೋರ್ಗೆಯವರನ್ನು ಕಂಡರು. ಅವರಿಂದ ಮೆಥೋಡಿಸ್ಟ್ ಸಭಾಪಾಲಕ ಕಿಯೋಶಿ ತಾನಿಮೊಟೊ ಅವರ ಪರಿಚಯವಾಯಿತು. ಹೀಗೆ ಒಬ್ಬರಿಂದೊಬ್ಬರಿಗೆ ಸಾಗಿ ಹಲವರನ್ನು ಮಾತಾಡಿಸಿ ಆರು ಮಂದಿಯನ್ನು ಉಳಿಸಿಕೊಂಡರು. ಉಳಿದ ನಾಲ್ವರು: ಗುಮಾಸ್ತೆ ತೊಶಿಕೊ ಸಸಾಕಿ, ದರ್ಜಿಯ ವಿಧವೆ ಹತ್ಸುಯೊ ನಕಮುರಾ, ಖಾಸಗಿ ಆಸ್ಪತ್ರೆಯ ಡಾ. ಮಸಕಾಜು ಫುಜಿಯಿ, ರೆಡ್‌ಕ್ರಾಸ್ ಆಸ್ಪತ್ರೆಯ ತರುಣ ಶಸ್ತ್ರವೈದ್ಯ ಡಾ. ತೆರುಫುಮಿ ಸಸಾಕಿ (ಇಬ್ಬರು ಸಸಾಕಿಗಳು ಸಂಬಂಧಿಕರಲ್ಲ). ಕ್ರೈಸ್ತರು ಶೇಕಡಾ ಒಂದರಷ್ಟೂ ಇಲ್ಲದ ದೇಶದಲ್ಲಿ ಆರರಲ್ಲಿ ಇಬ್ಬರು ಕ್ರೈಸ್ತ ಧರ್ಮಸೇವಕರು, ಅವರಲ್ಲೊಬ್ಬರು ಯೂರೋಪಿನವರು. ಸೈನಿಕರಿಲ್ಲ, ಆ ನಗರದಲ್ಲಿ ಬಲವಂತದ ದುಡಿಮೆಗೆ ಸಿಲುಕಿದ್ದ ಕೊರಿಯನ್ನರಿಲ್ಲ. ಈ ಆಯ್ಕೆ ನಗರದ ನಿಜವಾದ ಮಾದರಿಯಲ್ಲ. ಅಮೆರಿಕದ ಓದುಗನು ತನ್ನವರೆಂದು ಬೇಗ ಗುರುತಿಸಬಹುದಾದ ಮುಖಗಳನ್ನು, ಮಾತಿನ ಅನುಕೂಲವಿದ್ದ ಜನರನ್ನು ಹರ್ಸಿ ಆರಿಸಿಕೊಂಡರು. ಅದನ್ನು ಮರೆಯದೆ ಓದಬೇಕು.

ಬರವಣಿಗೆಯ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಈ ಆರು ಜನ ಏನು ಮಾಡುತ್ತಿದ್ದರು ಎಂಬುದರಿಂದ ಕಥನ ಆರಂಭವಾಗುತ್ತದೆ. ಡಾ. ಫುಜಿಯಿ ನದಿಯ ಮೇಲಕ್ಕೆ ಚಾಚಿದ್ದ ತಮ್ಮ ಆಸ್ಪತ್ರೆಯ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದಾರೆ. ಶ್ರೀಮತಿ ನಕಮುರಾ ಅಡುಗೆಮನೆಯ ಕಿಟಕಿಯಿಂದ ನೆರೆಯವನೊಬ್ಬ ತನ್ನ ಮನೆಯನ್ನು ತಾನೇ ಕೆಡವುತ್ತಿರುವುದನ್ನು ನೋಡುತ್ತಿದ್ದಾರೆ. ನಮ್ಮ ಫಾದರ್ ಕ್ಲೈನ್‌ಜೋರ್ಗೆ ಮೂರನೆಯ ಮಹಡಿಯಲ್ಲಿ, ಒಳಉಡುಪಿನಲ್ಲಿ, ಮಂಚದ ಮೇಲೆ ಮಲಗಿ ಯೇಸುಸಭೆಯ ಜರ್ಮನ್ ಪತ್ರಿಕೆಯೊಂದನ್ನು ಓದುತ್ತಿದ್ದಾರೆ. (ಸೆಖೆಗಾಲದ ಮಧ್ಯಾಹ್ನಗಳಲ್ಲಿ ದೇವಶಾಸ್ತ್ರದ ಪತ್ರಿಕೆಗಳನ್ನು ಓದುವ ಗುರುಗಳಿಗೆ ಈ ಚಿತ್ರ ಅಪರಿಚಿತವೇನಲ್ಲ.) ಒಬ್ಬರನ್ನು ಅಪಾಯದ ಅಂಚಿಗೆ ತಂದು ಬಿಟ್ಟು ಇನ್ನೊಬ್ಬರ ಕಡೆಗೆ ಹೊರಳುವುದು, ಕಾಲವನ್ನು ಹಿಂದಕ್ಕೆ ತಿರುಗಿಸಿ ಅದೇ ಕ್ಷಣಕ್ಕೆ ಮತ್ತೆ ಮತ್ತೆ ಬರುವುದು, ಪಾತ್ರಕ್ಕೆ ತಿಳಿದಷ್ಟನ್ನೇ ಓದುಗನಿಗೆ ತಿಳಿಸುವುದು, ಇವೆಲ್ಲ ಕಾದಂಬರಿಯ ಉಪಾಯಗಳು. ಪ್ರತಿಯೊಬ್ಬರೂ ಬಾಂಬು ತಮ್ಮ ಮನೆಯ ಮೇಲೆಯೇ ಬಿತ್ತೆಂದು ತಿಳಿದಿದ್ದಾರೆ. ಅದು ಪರಮಾಣು ಬಾಂಬು ಎಂಬ ಸುದ್ದಿ ಓದುಗನಿಗೆ ಮೊದಲೇ ಗೊತ್ತು, ಆದರೆ ಆ ಆರು ಜನರ ಕಿವಿಗೆ ಬೀಳಲು ದಿನಗಳೇ ಹಿಡಿಯುತ್ತವೆ. ಇಡೀ ಕಥನದಲ್ಲಿ ‘ನಾನು’ ಎಂಬ ಮಾತಿಲ್ಲ, ಹರ್ಸಿಯ ಕೋಪವಿಲ್ಲ, ಕಣ್ಣೀರಿಲ್ಲ. ಬೇಕೆಂದೇ ದನಿ ತಗ್ಗಿಸಿದ್ದಾಗಿ ಅವರು ಮುಂದೆ ಹೇಳಿಕೊಂಡರು.

ಸುಮಾರು 31,000 ಪದಗಳ ಈ ವರದಿಯನ್ನು ನಾಲ್ಕು ಕಂತುಗಳಾಗಿ ಪ್ರಕಟಿಸುವ ಯೋಜನೆಯಿತ್ತು. ‘ನ್ಯೂಯಾರ್ಕರ್’ ಪತ್ರಿಕೆಯ ವಿಲಿಯಂ ಶಾನ್ ಒಂದೇ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದರು. ಸಂಪಾದಕ ಹೆರಾಲ್ಡ್ ರಾಸ್ ಒಪ್ಪಿದರು. 1946ರ ಆಗಸ್ಟ್ 31ರ ಸಂಚಿಕೆಯಲ್ಲಿ ಬೇರೆ ಲೇಖನವೇ ಇರಲಿಲ್ಲ. ಪ್ರತಿಗಳು ಬೇಗನೆ ಮುಗಿದವು, ನಾಲ್ಕು ಸಂಜೆಗಳ ಕಾಲ ಅಮೆರಿಕದ ರೇಡಿಯೋದಲ್ಲಿ ಅದನ್ನು ಪೂರ್ತಿ ಓದಿದರು, ವರ್ಷ ಮುಗಿಯುವುದರೊಳಗೆ ಪುಸ್ತಕವಾಯಿತು. ಪ್ರಕಟಣೆಗೆ ಮೊದಲು ಲೇಖನವನ್ನು ಅದೇ ಜನರಲ್ ಗ್ರೋವ್ಸ್ ಅವರ ಪರಿಶೀಲನೆಗೆ ಒಪ್ಪಿಸಲಾಗಿತ್ತು, ಅವರು ಹೆಚ್ಚಿನ ಆಕ್ಷೇಪವಿಲ್ಲದೆ ಬಿಟ್ಟುಕೊಟ್ಟರು ಎಂಬುದು ಇತ್ತೀಚಿನ ಸಂಶೋಧನೆಯಿಂದ ತಿಳಿದಿದೆ. ಜಪಾನೀ ಅನುವಾದ ಹೊರಬಂದುದು 1949ರಲ್ಲಿ. ಅನುವಾದಕರಲ್ಲಿ ಒಬ್ಬರು ಸ್ವತಃ ತಾನಿಮೊಟೊ.

ಈಗ ಜುನಿಪರನ ಪ್ರಶ್ನೆಗೆ ಬರೋಣ. ಆರು ಜನ ಏಕೆ ಉಳಿದರು ಎಂಬುದಕ್ಕೆ ಹರ್ಸಿ ಕೊಡುವುದು ಸಣ್ಣಪುಟ್ಟ ಆಕಸ್ಮಿಕಗಳನ್ನು ಮಾತ್ರ: ಒಂದು ಹೆಜ್ಜೆ ಮುಂದಿಟ್ಟದ್ದು, ಒಂದು ಟ್ರಾಮು ತಪ್ಪಿಸದೆ ಹತ್ತಿದ್ದು, ಕೋಣೆಯ ಒಳಗಿದ್ದುದು. ದೇವರ ಕೈ ಎಂಬ ಮಾತು ಅವರ ಕಥನದಲ್ಲಿ ಬರುವುದು ಒಂದು ವಿಚಿತ್ರ ಸಂದರ್ಭದಲ್ಲಿ. ಫಾದರ್ ಕ್ಲೈನ್‌ಜೋರ್ಗೆ ತಮ್ಮ ಕೋಣೆಗೆ ಮರಳಿದಾಗ ಎಲ್ಲವೂ ಚೆಲ್ಲಾಪಿಲ್ಲಿಯಾಗಿರುತ್ತದೆ. ಅವರ ಮೇಜು ಚೂರುಚೂರಾಗಿದೆ. ಆದರೆ ಅದರಡಿ ಇಟ್ಟಿದ್ದ ರಟ್ಟಿನ ಪೆಟ್ಟಿಗೆ ಒಂದು ಗೀರೂ ಇಲ್ಲದೆ, ಹಿಡಿಕೆ ಮೇಲಾಗಿ, ಬಾಗಿಲಲ್ಲಿ ನಿಂತಿದೆ. ಅದರೊಳಗೆ ಅವರ ಪ್ರಾರ್ಥನಾಪುಸ್ತಕ, ಧರ್ಮಪ್ರಾಂತ್ಯದ ಲೆಕ್ಕಪುಸ್ತಕಗಳು, ಸಾಕಷ್ಟು ಹಣ. ಇದು ದೈವಪಾಲನೆಯ ಒಂದು ತುಣುಕು ಎಂದು ಗುರುಗಳು ಮುಂದೆ ಭಾವಿಸತೊಡಗಿದರೆಂದು ಹರ್ಸಿ ದಾಖಲಿಸುತ್ತಾರೆ. ನಗುವುದಿಲ್ಲ, ಖಂಡಿಸುವುದಿಲ್ಲ, ಒಪ್ಪುವುದೂ ಇಲ್ಲ. ಕೆಲವು ಪುಟಗಳ ಅನಂತರ ಬೇರೊಂದು ದೃಶ್ಯವಿದೆ: ಧರ್ಮಪ್ರಾಂತ್ಯದ ಕಾರ್ಯದರ್ಶಿಯೊಬ್ಬರು ಉರಿಯುವ ಮನೆ ಬಿಟ್ಟು ಬರಲೊಲ್ಲರು, ಕ್ಲೈನ್‌ಜೋರ್ಗೆ ಅವರನ್ನು ಬೆನ್ನಮೇಲೆ ಹೊತ್ತು ಸಾಗುತ್ತಾರೆ. ದಾರಿಯಲ್ಲಿ ಆ ಮನುಷ್ಯ ಬಿಡಿಸಿಕೊಂಡು ಬೆಂಕಿಯತ್ತ ಓಡಿಹೋಗುತ್ತಾನೆ, ಮತ್ತೆ ಕಾಣಿಸುವುದಿಲ್ಲ. ಲೆಕ್ಕಪುಸ್ತಕ ಉಳಿಯಿತು, ಕಾರ್ಯದರ್ಶಿ ಉಳಿಯಲಿಲ್ಲ. ಹರ್ಸಿ ಈ ಎರಡನ್ನೂ ಹೇಳಿ ಸುಮ್ಮನಾಗುತ್ತಾರೆ.

ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಇಂಥದೇ ಸಂದರ್ಭವಿದೆ. ಸಿಲೋವಾಮಿನಲ್ಲಿ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿ ಎಂದು ಯೇಸುಸ್ವಾಮಿ ಹೇಳುತ್ತಾರೆ. ಹಾಗಾದರೆ ಅವರೇ ಏಕೆ ಎಂಬುದಕ್ಕೆ ಅವರು ಉತ್ತರ ಕೊಡುವುದಿಲ್ಲ. ಕೇಳುವವರ ಪಶ್ಚಾತ್ತಾಪದ ಕಡೆಗೆ ಮಾತನ್ನು ತಿರುಗಿಸುತ್ತಾರೆ. ಸತ್ತವರ ಸಾವಿನಿಂದ ಅರ್ಥ ಹಿಂಡುವ ಕೆಲಸಕ್ಕೆ ಅಲ್ಲಿ ತಡೆಯಿದೆ. ಹರ್ಸಿ ಮಿಷನರಿಗಳ ಮಗನಾಗಿ ಈ ಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾನು ವಾದಿಸುವುದಿಲ್ಲ. ಅವರ ಕಥನದ ಸಂಯಮ ಆ ತಡೆಯನ್ನು ಪಾಲಿಸುತ್ತದೆ ಎಂದಷ್ಟೇ ಹೇಳುತ್ತೇನೆ.

ನಮ್ಮ ಪ್ರಬೋಧನೆಗಳು ಅದನ್ನು ಯಾವಾಗಲೂ ಪಾಲಿಸುವುದಿಲ್ಲ. ಅಕ್ಟೋಬರ್ ತಿಂಗಳ ಜಪಸರ ಭಕ್ತಿಯ ಸಂದರ್ಭದಲ್ಲಿ ‘ಹಿರೋಷಿಮಾದ ಪವಾಡ’ ಎಂಬ ಕಥೆಯನ್ನು ಕೇಳದವರು ವಿರಳ: ಬಾಂಬು ಬಿದ್ದ ಸ್ಥಳದ ಸಮೀಪದಲ್ಲೇ ಇದ್ದ ಎಂಟು ಮಂದಿ ಯೇಸುಸಭೆಯ ಗುರುಗಳು ಪ್ರತಿದಿನ ಜಪಸರ ಪ್ರಾರ್ಥಿಸುತ್ತಿದ್ದುದರಿಂದ ಯಾವ ಗಾಯವೂ ಇಲ್ಲದೆ, ವಿಕಿರಣದ ಯಾವ ಬಾಧೆಯೂ ತಟ್ಟದೆ ಉಳಿದರಂತೆ. ಹರ್ಸಿಯ ವರದಿ ಅದೇ ಮನೆಯೊಳಗಿಂದ ಬಂದದ್ದು. ಅಂದು ಬೆಳಿಗ್ಗೆ ಆ ಮಿಷನ್ ಮನೆಯಲ್ಲಿದ್ದ ಗುರುಗಳು ನಾಲ್ವರು: ಮುಖ್ಯಸ್ಥ ಲಾಸಾಲ್, ಕ್ಲೈನ್‌ಜೋರ್ಗೆ, ಶಿಫರ್, ಚೆಸ್ಲಿಕ್. ಮನೆ ಸ್ಫೋಟದ ಕೇಂದ್ರದಿಂದ ಸುಮಾರು 1,400 ಗಜ ದೂರದಲ್ಲಿತ್ತು, ಮತ್ತು ಅದನ್ನು ಬಹಳ ಗಟ್ಟಿಯಾಗಿ ಕಟ್ಟಲಾಗಿತ್ತು. ಲಾಸಾಲ್ ಮತ್ತು ಶಿಫರ್ ತೀವ್ರವಾಗಿ ಗಾಯಗೊಂಡು ರಕ್ತ ಸುರಿಸುತ್ತಿದ್ದರು. ಅವರನ್ನು ಹೊತ್ತು ಸಾಗಿಸಬೇಕಾಯಿತು. ಕ್ಲೈನ್‌ಜೋರ್ಗೆಯವರ ಚಿಕ್ಕ ಗಾಯಗಳು ಮಾಯದೆ ಮತ್ತೆ ಬಾಯ್ತೆರೆದವು, ಬಿಳಿ ರಕ್ತಕಣಗಳು ಕುಸಿದವು, ಸೆಪ್ಟೆಂಬರಿನಲ್ಲಿ ಟೋಕಿಯೋದ ಕ್ಯಾಥೋಲಿಕ್ ಆಸ್ಪತ್ರೆ ಸೇರಿದರು. 1977ರಲ್ಲಿ ಸಾಯುವವರೆಗೂ ಆಸ್ಪತ್ರೆಗಳ ನಂಟು ಅವರನ್ನು ಬಿಡಲಿಲ್ಲ.

ಈ ಕಥೆಗೂ ಕಾದಂಬರಿಯ ಉಪಾಯಗಳು ಬೇಕಾಗಿವೆ ಎಂಬುದನ್ನು ಗಮನಿಸಿ. ಆರಿಸಿಕೊಳ್ಳುವುದು, ಕತ್ತರಿಸುವುದು, ಒಂದು ಕ್ಷಣದತ್ತ ಎಲ್ಲವನ್ನೂ ಒಯ್ಯುವುದು ಇಲ್ಲಿಯೂ ಇದೆ. ಆದರೆ ಕತ್ತರಿಸಿಹಾಕಿದ್ದು ಗುರುಗಳ ಗಾಯಗಳನ್ನು, ಮತ್ತು ಜಪಸರ ಹಿಡಿದೇ ಸತ್ತವರನ್ನು. ಹಿರೋಷಿಮಾದ ಮೂರು ದಿನಗಳ ಅನಂತರ ಬಾಂಬು ಬಿದ್ದುದು ನಾಗಸಾಕಿಯ ಉರಾಕಾಮಿಯ ಮೇಲೆ, ಜಪಾನಿನ ಅತ್ಯಂತ ಹಳೆಯ ಕ್ಯಾಥೋಲಿಕ್ ಸಮುದಾಯಗಳಲ್ಲೊಂದರ ಮೇಲೆ. ಅಲ್ಲಿಯ ಸುಮಾರು 12,000 ವಿಶ್ವಾಸಿಗಳಲ್ಲಿ ಸುಮಾರು 8,500 ಮಂದಿ ಸತ್ತರು. ವೈದ್ಯ ತಕಾಶಿ ನಾಗಾಯಿ ತಮ್ಮ ಮನೆಯ ಬೂದಿಯಲ್ಲಿ ಹೆಂಡತಿಯ ಸುಟ್ಟ ಎಲುಬುಗಳನ್ನು ಕಂಡಾಗ ಅವುಗಳ ಬಳಿಯಿದ್ದುದು ಆಕೆಯ ಜಪಸರ. ಜಪಸರ ಹಿರೋಷಿಮಾದವರನ್ನು ಕಾಪಾಡಿತು ಎನ್ನುವವರು ಮಿದೊರಿ ನಾಗಾಯಿಯ ಬಗ್ಗೆ ಏನು ಹೇಳುತ್ತಾರೆ?

ನಾಗಾಯಿ ತಾವೇ ಬೇರೆ ಉತ್ತರ ಕೊಟ್ಟರು. 1945ರ ನವೆಂಬರ್ 23ರಂದು ಪ್ರಧಾನಾಲಯದ ಅವಶೇಷಗಳ ಬಳಿ ಮೃತರಿಗಾಗಿ ನಡೆದ ಬಲಿಪೂಜೆಯಲ್ಲಿ ಮಾತಾಡಿ, ಯುದ್ಧದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ದೇವರು ಉರಾಕಾಮಿಯನ್ನು ನಿಷ್ಕಳಂಕ ದಹನಬಲಿಯಾಗಿ ಆರಿಸಿಕೊಂಡರೆಂದರು. ಹೆಂಡತಿಯನ್ನು ಕಳೆದುಕೊಂಡ, ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಮನುಷ್ಯ ಮೃತರ ಬಂಧುಗಳ ನಡುವೆ ನಿಂತು ಆಡಿದ ಮಾತು ಅದು. ಶಿಕ್ಷೆಯೆಂದು ನೆರೆಯವರು ಆಡಿಕೊಳ್ಳುತ್ತಿದ್ದ ಸಾವಿಗೆ ಅದು ಗೌರವ ತಂದಿತು. ಅವರನ್ನು ಟೀಕಿಸಲು ನನಗೆ ಧೈರ್ಯವಿಲ್ಲ. ಆದರೂ ಆ ಮಾತು ದೇವಶಾಸ್ತ್ರವಾಗಿ ನೆಲೆಯೂರಿದಾಗ ಬಾಂಬು ಹಾಕಿದವರ ಹೊಣೆ ಕಣ್ಮರೆಯಾಯಿತೆಂದು ಜಪಾನಿನಲ್ಲೇ ಅನೇಕರು ಆಕ್ಷೇಪಿಸಿದ್ದಾರೆ. 1981ರ ಫೆಬ್ರುವರಿ 25ರಂದು ಪೋಪ್ ಎರಡನೇ ಜಾನ್ ಪಾಲರು ಹಿರೋಷಿಮಾದಲ್ಲಿ ನಿಂತು ಯುದ್ಧ ಮನುಷ್ಯನ ಕೃತ್ಯ ಎಂದು ಸಾರಿದಾಗ, ದೈವಸಂಕಲ್ಪವೆಂಬ ಹೊರೆ ಹೊತ್ತು ಮೌನವಾಗಿದ್ದ ನಾಗಸಾಕಿಯ ಹಲವು ಕ್ರೈಸ್ತರಿಗೆ ಬಾಯಿ ಬಂದಂತಾಯಿತು.

ಹರ್ಸಿಯ ಮೌನಕ್ಕೂ ಬೆಲೆ ತೆರಬೇಕಾಯಿತು. 1946ರಲ್ಲಿಯೇ ಲೇಖಕಿ ಮೇರಿ ಮೆಕಾರ್ಥಿ, ಈ ವರದಿ ಬಾಂಬನ್ನು ಭೂಕಂಪದಂಥ ಪ್ರಕೃತಿವಿಕೋಪದ ಮಟ್ಟಕ್ಕೆ ಇಳಿಸಿದೆ, ಉಳಿದವರ ಕಥೆ ಹೇಳಿ ಸತ್ತವರನ್ನು ಮರೆಸಿದೆ ಎಂದು ಕಟುವಾಗಿ ಬರೆದರು. ಈ ಆಕ್ಷೇಪ ಸುಲಭವಾಗಿ ಕರಗುವಂಥದಲ್ಲ. ವಿಮಾನ ಎಲ್ಲಿಂದ ಬಂತು, ಯಾರು ಕಳಿಸಿದರು ಎಂಬುದು ಕಥನದ ಚೌಕಟ್ಟಿನ ಹೊರಗಿದೆ. ಚೌಕಟ್ಟಿನ ಹೊರಗೆ ಟಿನಿಯನ್ ದ್ವೀಪವಿದೆ. ಅಲ್ಲಿ ಹಾರಾಟಕ್ಕೆ ಮುನ್ನ ಸೈನ್ಯದ ಲೂಥರನ್ ಗುರು ವಿಲಿಯಂ ಡೌನಿ ವೈಮಾನಿಕರಿಗಾಗಿ ಪ್ರಾರ್ಥಿಸಿದರು. ಅಲ್ಲಿಯ ಕ್ಯಾಥೋಲಿಕ್ ಗುರು ಜಾರ್ಜ್ ಜಬೆಲ್ಕಾ ದಶಕಗಳ ಅನಂತರ ತಮ್ಮ ಅಂದಿನ ಮೌನಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಒಂದೇ ಬಾಂಬಿನ ಎರಡೂ ತುದಿಗಳಲ್ಲಿ ಕ್ರಿಸ್ತನ ಸೇವಕರಿದ್ದರು. ಹರ್ಸಿ ನಮಗೆ ತೋರಿಸಿದ್ದು ಒಂದು ತುದಿಯವರನ್ನು ಮಾತ್ರ.

ಆದರೆ ನೈತಿಕ ಪ್ರಶ್ನೆ ಪೂರ್ತಿ ಕಾಣೆಯಾಗಿದೆ ಎನ್ನುವುದೂ ಸರಿಯಲ್ಲ. ಕೊನೆಯ ಅಧ್ಯಾಯದಲ್ಲಿ ಹರ್ಸಿ ಜೀಮೆಸ್ ಅವರ ವರದಿಯಿಂದ ಒಂದು ಭಾಗವನ್ನು ಸೇರಿಸುತ್ತಾರೆ. ಈ ಬಾಂಬು ವಿಷಾನಿಲಕ್ಕೆ ಸಮಾನವೆಂದು ಕೆಲವು ಗುರುಗಳು, ಸಮಗ್ರ ಯುದ್ಧದಲ್ಲಿ ನಾಗರಿಕ-ಸೈನಿಕ ಭೇದವಿಲ್ಲವೆಂದು ಬೇರೆ ಕೆಲವರು. ನ್ಯಾಯವಾದ ಉದ್ದೇಶಕ್ಕಾದರೂ ಸಮಗ್ರ ಯುದ್ಧವೇ ಸಮರ್ಥನೀಯವೇ ಎಂಬುದು ತಿರುಳೆಂದು ಜೀಮೆಸ್ ಬರೆಯುತ್ತಾರೆ. ಸುಟ್ಟ ನಗರದ ಅಂಚಿನಲ್ಲೇ ಗುರುಗಳು ಹೀಗೆ ಭಿನ್ನಾಭಿಪ್ರಾಯದಲ್ಲಿದ್ದರು. ಹತ್ತೊಂಬತ್ತು ವರ್ಷಗಳ ಅನಂತರ, ಇಡೀ ನಗರಗಳ ವಿವೇಚನಾರಹಿತ ನಾಶ ದೇವರಿಗೂ ಮಾನವನಿಗೂ ವಿರುದ್ಧವಾದ ಅಪರಾಧವೆಂದು ವ್ಯಾಟಿಕನ್ ಮಹಾಸಭೆ ‘ಗೌದಿಯುಂ ಎತ್ ಸ್ಪೆಸ್’ ದಾಖಲೆಯ 80ನೆಯ ಪರಿಚ್ಛೇದದಲ್ಲಿ ಖಂಡಿಸಿತು. ಅಮೆರಿಕದ ಸರ್ಕಾರದ ಪರವಾಗಿ ಮಾಜಿ ಯುದ್ಧಮಂತ್ರಿ ಹೆನ್ರಿ ಸ್ಟಿಮ್ಸನ್ 1947ರ ಫೆಬ್ರುವರಿಯಲ್ಲಿ ದೀರ್ಘ ಸಮರ್ಥನೆ ಬರೆಯಬೇಕಾಯಿತು ಎಂಬುದೂ, ಹರ್ಸಿಯ ತಗ್ಗಿದ ದನಿ ಕೇಳಬೇಕಾದವರಿಗೆ ಕೇಳಿತ್ತು ಎಂಬುದಕ್ಕೆ ಒಂದು ಕುರುಹು.

ಕಾದಂಬರಿಯ ಉಪಾಯ ಎಂದಾಗ ಕಲ್ಪಿಸಿ ಸೇರಿಸುವ ಸ್ವಾತಂತ್ರ್ಯವೆಂದು ತಿಳಿಯುವವರಿದ್ದಾರೆ. ಹರ್ಸಿ 1980ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು ನಿಷ್ಠುರವಾಗಿ ತಳ್ಳಿಹಾಕಿದರು. ಪತ್ರಕರ್ತ ಬಿಟ್ಟುಬಿಡಬಹುದು, ಜೋಡಿಸಬಹುದು. ನಡೆಯದ್ದನ್ನು ಸೇರಿಸಿದ ಕ್ಷಣದಲ್ಲಿ ಓದುಗನ ವಿಶ್ವಾಸ ಮುರಿಯುತ್ತದೆ ಎಂಬುದು ಅವರ ವಾದ. ಜೋ ಎಂಬ ಸೈನಿಕನನ್ನು ಕಟ್ಟಿದ್ದ ಕೈಯೇ ಇದನ್ನು ಬರೆದದ್ದು. ಪ್ರಬೋಧನೆಗೆ ದೃಷ್ಟಾಂತಗಳನ್ನು ಹುಡುಕುವ ಗುರುವಿದ್ಯಾರ್ಥಿಗಳು ಆ ಪ್ರಬಂಧವನ್ನು ಒಮ್ಮೆ ಓದಿದರೆ ಒಳ್ಳೆಯದು. ನಮ್ಮ ದೃಷ್ಟಾಂತ ಸಂಗ್ರಹಗಳಲ್ಲಿ ಹೆಸರು, ಊರು, ದಿನಾಂಕಗಳಿಲ್ಲದ ‘ನಿಜಘಟನೆ’ಗಳು ಎಷ್ಟಿವೆಯೆಂದು ಎಣಿಸುವ ಆಸೆಯೂ ಆಗಬಹುದು.

ಮೇಜಿನ ಗೆಳತಿಯತ್ತ ಮುಖ ತಿರುಗಿಸಿದ ಆ ಗುಮಾಸ್ತೆಯ ಕಥೆ ಉಳಿದಿದೆ. ಬೆನ್ನ ಹಿಂದಿನ ಪುಸ್ತಕದ ಕಪಾಟುಗಳು ಬಿದ್ದು ತೊಶಿಕೊ ಸಸಾಕಿಯ ಕಾಲು ಜಜ್ಜಿಹೋಯಿತು. ಹೊರಗೆಳೆದವರು ಆಕೆಯನ್ನು ತಗಡಿನ ಮಾಡಿನಡಿ ಒರಗಿಸಿ ಹೋದರು. ಅಲ್ಲಿ, ಘೋರವಾಗಿ ಗಾಯಗೊಂಡ ಇನ್ನಿಬ್ಬರ ಜೊತೆ, ಅನ್ನನೀರಿಲ್ಲದೆ ಎರಡು ಹಗಲು ಎರಡು ರಾತ್ರಿ ಕಳೆದಳು. ತಿಂಗಳುಗಳ ಅನಂತರ ಕ್ಲೈನ್‌ಜೋರ್ಗೆ ಆಸ್ಪತ್ರೆಗೆ ಬಂದಾಗ, ನಿಮ್ಮ ದೇವರು ಅಷ್ಟು ಒಳ್ಳೆಯವನಾದರೆ ಜನ ಹೀಗೆ ನರಳುವಂತೆ ಏಕೆ ಬಿಡುತ್ತಾನೆಂದು ನೇರವಾಗಿ ಕೇಳಿದಳು. ಮನುಷ್ಯ ದೇವರು ಬಯಸಿದ ಸ್ಥಿತಿಯಲ್ಲಿಲ್ಲ, ಪಾಪದಿಂದ ಕೃಪೆ ಕಳೆದುಕೊಂಡಿದ್ದಾನೆ ಎಂದು ಗುರುಗಳು ಗುರುಮಠದಲ್ಲಿ ಕಲಿತಂತೆ ಉತ್ತರಿಸಿದರು. ಅನಂತರ ಅವರು ಎಲ್ಲದಕ್ಕೂ ಎಲ್ಲ ಕಾರಣಗಳನ್ನೂ ವಿವರಿಸಿದರೆಂದು ಹರ್ಸಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಆ ಸಾಲಿನಲ್ಲಿ ಸಣ್ಣ ನಗೆಯಿದೆ. ನಮಗೆ ಅದು ನೋವುಂಟುಮಾಡಬೇಕು.

ಸುಮಾರು ನಲವತ್ತು ವರ್ಷಗಳ ಅನಂತರ ಹರ್ಸಿ ಮತ್ತೆ ಹಿರೋಷಿಮಾಕ್ಕೆ ಹೋಗಿ, ಆರು ಜನರ ಮುಂದಿನ ಬದುಕನ್ನು 1985ರಲ್ಲಿ ಬರೆದರು. ಕ್ಲೈನ್‌ಜೋರ್ಗೆ ಆ ವೇಳೆಗೆ ಜಪಾನಿನ ಪೌರರಾಗಿ, ಮಕೊತೊ ತಕಾಕುರಾ ಎಂಬ ಹೆಸರಿನಲ್ಲಿ ಬಾಳಿ ತೀರಿಕೊಂಡಿದ್ದರು. ತೊಶಿಕೊ ದೀಕ್ಷಾಸ್ನಾನ ಪಡೆದು, ಕುಂಟುವ ಕಾಲಿನಲ್ಲಿಯೇ ಕನ್ಯಾಮಠ ಸೇರಿ ಸಿಸ್ಟರ್ ಡೊಮಿನಿಕ್ ಆಗಿದ್ದರು. ಕ್ಯೂಷು ದ್ವೀಪದ ವೃದ್ಧಾಶ್ರಮವೊಂದನ್ನು ಹಲವು ವರ್ಷ ನಡೆಸಿದ್ದರು. ಗುರುಗಳು ಕೊಟ್ಟ ಕಾರಣಗಳಲ್ಲಿ ಯಾವುದು ಅವರಿಗೆ ನೆನಪಿತ್ತೆಂದು ಹರ್ಸಿ ಬರೆದಿಲ್ಲ. ಸಾಯುತ್ತಿರುವವರು ಶಾಂತಿಯಿಂದ ಸಾಯುವಂತೆ ನೆರವಾಗುವುದು ಅವರಿಗೆ ಒಲಿದ ದೊಡ್ಡ ವರವಾಗಿತ್ತು ಎಂದು ಬರೆದಿದ್ದಾರೆ. ಬಾಂಬಿನ ದಿನಗಳಲ್ಲಿ ಅಷ್ಟೊಂದು ಸಾವನ್ನು ಕಂಡಿದ್ದ ಅವರು ಹೆದರದೆ, ವೃದ್ಧರ ಹಾಸಿಗೆಯ ಪಕ್ಕದಲ್ಲಿ ಕುಳಿತಿರುತ್ತಿದ್ದರು.